ವರ್ಜಿಸುವ ವಿಧಾನದ ಅಭ್ಯಾಸ ಹಾಳೆ: ಲೇಟೆಕ್‌ನಲ್ಲಿ ಪದಗಳನ್ನು ಸಾಲಾಗಿ ನಿಲ್ಲಿಸುವುದು

ಹತ್ತನೇ ತರಗತಿಯಲ್ಲಿ ವರ್ಜಿಸುವ ವಿಧಾನ ಕಲಿಸುವಾಗ ಸಜಾತಿ ಪದಗಳು ಒಂದರ ಕೆಳಗೊಂದು ಬರಬೇಕು. ಅವು ಸರಿದರೆ ಯಾವುದರಿಂದ ಯಾವುದನ್ನು ಕಳೆಯಬೇಕೆಂದು ಮಕ್ಕಳಿಗೆ ತಿಳಿಯದು.

ಬಾಗಲಕೋಟೆ ಭಾಗದ ಮಕ್ಕಳಿಗೆ ಪರಿಚಿತವಾದ ಉದಾಹರಣೆ ತೆಗೆದುಕೊಳ್ಳೋಣ. ಇಳಕಲ್ ಸೀರೆಯ ಬೆಲೆ ಸ, ಗುಳೇದಗುಡ್ಡ ಖಣದ ಬೆಲೆ ಖ ಆಗಿರಲಿ (ಬೆಲೆಗಳು ಲೆಕ್ಕಕ್ಕಷ್ಟೇ). 2 ಸೀರೆ, 3 ಖಣಕ್ಕೆ ರೂ. 2600, 2 ಸೀರೆ, 1 ಖಣಕ್ಕೆ ರೂ. 2200.

'ಅಲೈನ್' ಬಳಸಿ ಸಮಚಿಹ್ನೆಯನ್ನಷ್ಟೇ ಗುರುತಿಸಿದರೆ ಎರಡನೇ ಸಾಲಿನ 2ಸ ಬಲಕ್ಕೆ ಸರಿಯುತ್ತದೆ. ಆದ್ದರಿಂದ ಎಎಂಎಸ್‌ಮ್ಯಾಥ್ ಪ್ಯಾಕೇಜಿನ 'ಅಲೈನ್‌ಆಟ್' ತೆರೆದು, ಕಾಲಂ ಜೋಡಿಗಳ ಸಂಖ್ಯೆ 3 ಎಂದು ಕೊಟ್ಟು ಹೀಗೆ ಬರೆಯಬೇಕು:

2ಸ &+{}& 3ಖ &={}& 2600 \\
2ಸ &+{}& ಖ &={}& 2200 \\
&& 2ಖ &={}& 400

& ಚಿಹ್ನೆ ಕಾಲಂಗಳನ್ನು ಬೇರ್ಪಡಿಸುತ್ತದೆ. ಬೆಸ ಕಾಲಂಗಳು ಬಲಕ್ಕೆ, ಸಮ ಕಾಲಂಗಳು ಎಡಕ್ಕೆ ಹೊಂದಿಕೊಳ್ಳುತ್ತವೆ. {} ಚಿಹ್ನೆಗಳ ಪಕ್ಕದ ಅಂತರ ಕಾಯುತ್ತದೆ. ಕನ್ನಡ ಅಕ್ಷರ ಮೂಡಲು ಝೀಲೇಟೆಕ್‌ನಲ್ಲಿ ಕನ್ನಡ ಫಾಂಟ್ ಕೊಟ್ಟು, ಅಕ್ಷರವನ್ನು 'ಟೆಕ್ಸ್ಟ್' ಆದೇಶದೊಳಗೆ ಇಡಬೇಕು.

ಮೂರನೇ ಸಾಲನ್ನು ಗಮನಿಸಿ: ಪದವಿಲ್ಲದಿದ್ದರೂ & ಬಿಡುವಂತಿಲ್ಲ. ಆಗ ಸ ಇದ್ದ ಜಾಗ ಖಾಲಿ ಉಳಿಯುತ್ತದೆ. 'ವರ್ಜಿಸುವುದು' ಎಂದರೇನೆಂದು ವಿದ್ಯಾರ್ಥಿಗೆ ಕಣ್ಣಿಗೇ ಕಾಣುತ್ತದೆ. ಖ = 200, ಸ = 1000 ಎಂಬುದನ್ನು ಅವರೇ ಕಂಡುಹಿಡಿಯಲಿ.