ಆ ಪೆಪ್ಪರ್‌ಮೆಂಟಿನ ರುಚಿ ಎಲ್ಲಿ ಹೋಯ್ತು?

ಇವತ್ತು ಮೊದಲು ಒಂದು ಪ್ರಯೋಗ, ಆಮೇಲೆ ಮಾತು. ಮನೆಯಲ್ಲಿ ಎರಡು ಬೇರೆ ಬೇರೆ ಹಣ್ಣಿನ ಫ್ಲೇವರ್ ಇರುವ ಪೆಪ್ಪರ್‌ಮೆಂಟು ಇದ್ದರೆ ತಂದಿಟ್ಟುಕೊಳ್ಳಿ. ಒಂದು ಕಿತ್ತಳೆ, ಇನ್ನೊಂದು ಅನಾನಸ್ ಅಂತಿಟ್ಕೊಳ್ಳೋಣ. ಮಿಂಟ್ ಬೇಡ, ಅದರ ತಂಪು ಗುಟ್ಟು ಬಿಟ್ಟುಕೊಡುತ್ತೆ. ಕಣ್ಣು ಮುಚ್ಚಿ, ಮೂಗನ್ನು ಬೆರಳಿಂದ ಗಟ್ಟಿಯಾಗಿ ಹಿಡಿದುಕೊಳ್ಳಿ. ಯಾವುದು ಅಂತ ಹೇಳದೆ ಒಂದನ್ನು ಬಾಯಿಗೆ ಹಾಕೋಕೆ ಮನೆಯವರಿಗೆ ಹೇಳಿ. ಕಾರು ಓಡಿಸ್ತಾ ಕೇಳ್ತಿರೋರು ದಯವಿಟ್ಟು ಮನೆಗೆ ಹೋದ ಮೇಲೆ ಮಾಡಿ.

ಏನು ಗೊತ್ತಾಯ್ತು? ಸಿಹಿ ಗೊತ್ತಾಗುತ್ತೆ, ಸ್ವಲ್ಪ ಹುಳಿ ಗೊತ್ತಾಗುತ್ತೆ, ಅಷ್ಟೇ. ಯಾವ ಹಣ್ಣು ಅಂತ ಹೇಳೋಕೆ ಹೆಚ್ಚಿನವರಿಗೆ ಆಗಲ್ಲ. ಈಗ ಮೂಗು ಬಿಡಿ. ಒಂದೇ ಕ್ಷಣದಲ್ಲಿ ಬಾಯಿ ತುಂಬ ಕಿತ್ತಳೆ ಬಂದುಬಿಡುತ್ತೆ!

ಆದರೆ ಅದು ಬಂದದ್ದು ಬಾಯಿಗಲ್ಲ, ಮೂಗಿಗೆ. ನಾಲಿಗೆಗೆ ಗೊತ್ತಿರುವುದು ಮುಖ್ಯವಾಗಿ ಐದೇ: ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಉಮಾಮಿ. ಮಿಕ್ಕ ಸೂಕ್ಷ್ಮವೆಲ್ಲ ವಾಸನೆಯ ಕೆಲಸ. ಅಗಿಯುವಾಗ, ನುಂಗುವಾಗ ತಿಂಡಿಯ ವಾಸನೆಯ ಅಣುಗಳು ಗಂಟಲಿನ ಹಿಂದಿನಿಂದ ಮೇಲೇರಿ ಮೂಗಿನ ಚಾವಣಿಗೆ ತಲುಪುತ್ತವೆ. ಮುಂಬಾಗಿಲಿಂದ ಬರುವ ವಾಸನೆಯನ್ನು ನಾವು ವಾಸನೆ ಅಂತೀವಿ, ಹಿತ್ತಿಲ ಬಾಗಿಲಿಂದ ಬರುವುದನ್ನು ರುಚಿ ಅಂತೀವಿ. ಈ ಹಿತ್ತಿಲ ಬಾಗಿಲನ್ನು ನೆನಪಿಟ್ಟುಕೊಳ್ಳಿ, ಇವತ್ತಿನ ಕಥೆಯೆಲ್ಲ ಅಲ್ಲೇ ಇದೆ.

ನಾನು ಬೆಳೆದಿದ್ದು ತಿಪಟೂರಿನಲ್ಲಿ, 90ರ ದಶಕದಲ್ಲಿ. ಶಾಲೆಯ ಎದುರಿನ ಅಂಗಡಿಯಲ್ಲಿ ಗಾಜಿನ ಭರಣಿಗಳ ಸಾಲು. ಒಂದರಲ್ಲಿ ಕಿತ್ತಳೆ ತೊಳೆಯ ಆಕಾರದ ಪೆಪ್ಪರ್‌ಮೆಂಟು, ಒಂದರಲ್ಲಿ ಕಮ್ಮರ್‌ಕಟ್ಟು, ಒಂದರಲ್ಲಿ ಕಡ್ಡಿಗೆ ಸಿಕ್ಕಿಸಿದ ಹುಣಸೆಹಣ್ಣಿನ ಚಿಗಳಿ. ಕೈಯಲ್ಲಿ ನಾಲ್ಕಾಣೆ ಇದ್ದರೆ ರಾಜ್ಯವೇ ನಮ್ಮದು. ಆ ನಾಲ್ಕಾಣೆಯೂ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋಯ್ತು. ದುಡ್ಡು ಸ್ವಲ್ಪ ಜಾಸ್ತಿ ಇದ್ದ ದಿನ ಪಾರ್ಲೆಯವರ ರೋಲಾ ಕೋಲಾ. ಕೋಲಾ ರುಚಿಯ, ಉದ್ದ ರೋಲಿನಲ್ಲಿ ಬರ್ತಿದ್ದ ಗಟ್ಟಿ ಪೆಪ್ಪರ್‌ಮೆಂಟು.

ಅಪ್ಪನ ಪಟ್ಟಿಯೇ ಬೇರೆ. ಅವರಿಗೆ ಗೋಲ್ಡ್ ಸ್ಪಾಟ್ ಅಂದರೆ ಪ್ರಾಣ. ಮದುವೆ ಮನೆಯಲ್ಲಿ ಬಕೆಟ್ಟಿನ ಐಸ್ ನೀರಲ್ಲಿ ಮುಳುಗಿಸಿಟ್ಟ ಆ ಕಿತ್ತಳೆ ಬಣ್ಣದ ಬಾಟಲಿಗಳ ಬಗ್ಗೆ ಈಗಲೂ ಹೇಳ್ತಾರೆ. 1993ರಲ್ಲಿ ಥಮ್ಸ್ ಅಪ್, ಲಿಮ್ಕಾ, ಮಾಜಾ ಜೊತೆಗೆ ಗೋಲ್ಡ್ ಸ್ಪಾಟ್ ಕೂಡ ಪಾರ್ಲೆಯಿಂದ ಕೋಕಾ ಕೋಲಾ ಕೈಗೆ ಹೋಯ್ತು. ಥಮ್ಸ್ ಅಪ್ ಉಳೀತು, ಗೋಲ್ಡ್ ಸ್ಪಾಟ್ ಉಳೀಲಿಲ್ಲ. ಅದರ ಜಾಗಕ್ಕೆ ಫಾಂಟಾ ಬಂತು.

ರೋಲಾ ಕೋಲಾದ ಅದೃಷ್ಟ ಚೆನ್ನಾಗಿತ್ತು. ನಿಂತೇ ಹೋಗಿದ್ದ ಅದನ್ನು ವಾಪಸ್ ತನ್ನಿ ಅಂತ 2019ರಲ್ಲಿ ಒಬ್ಬರು ಟ್ವಿಟರ್‌ನಲ್ಲಿ ಕೇಳಿದರು. 10 ಸಾವಿರ ರೀಟ್ವೀಟ್ ಆಗಲಿ, ನೋಡೋಣ ಅಂದಿತು ಪಾರ್ಲೆ. ಆಯ್ತು, ಅದೇ ವರ್ಷ ವಾಪಸ್ ಬಂತು. ಆಮೇಲೆ ನಾನು ರಜೆಗೆ ಊರಿಗೆ ಹೋದಾಗ ಬೆಂಗಳೂರಿನಲ್ಲಿ ಎರಡು ರೋಲು ಕೊಂಡು, ತಿಪಟೂರಿನ ಮನೆಯ ಜಗುಲಿಯಲ್ಲಿ ಅಪ್ಪನ ಜೊತೆ ಕೂತು ಬಾಯಿಗೆ ಹಾಕ್ಕೊಂಡೆ.

ಚೆನ್ನಾಗಿತ್ತು. ಆದರೆ ಅದಲ್ಲ. “ಆವಾಗಿನ ರುಚಿ ಇಲ್ಲಪ್ಪ” ಅಂದೆ. ಅಪ್ಪನೂ ಒಂದು ಚೀಪಿ, “ಬರೀ ಸಕ್ಕರೆ ಕಣೆ. ಈಗ ಯಾವುದಕ್ಕೂ ರುಚಿ ಇಲ್ಲ, ಕಾಫಿಗೂ ಇಲ್ಲ” ಅಂದರು. ಇಬ್ಬರೂ ನಕ್ಕೆವು.

ಇಬ್ಬರೂ ಹೇಳಿದ್ದು ಒಂದೇ ಮಾತು, ಆದರೆ ಕಾರಣಗಳು ಬೇರೆ ಬೇರೆ. ಅದು ನನಗೆ ಹೊಳೆದಿದ್ದು ತುಂಬ ತಡವಾಗಿ. ಅಪ್ಪನ ವಿಷಯಕ್ಕೆ ಕೊನೆಯಲ್ಲಿ ಬರ್ತೀನಿ. ಮೊದಲು ನನ್ನದು.

ಮಾಯವಾದ ತಿಂಡಿಯೊಂದು ಇಷ್ಟು ವರ್ಷ ಮನಸ್ಸಲ್ಲಿ ಯಾಕೆ ಕೂತಿರುತ್ತೆ? ಮೂಗಿನ ಚಾವಣಿಯಲ್ಲಿ ಅಂಚೆಚೀಟಿಯಷ್ಟು ಜಾಗದಲ್ಲಿ ವಾಸನೆಯ ನರಕೋಶಗಳಿವೆ. ಅವುಗಳ ಮೇಲೆ ಅಣುಗಳನ್ನು ಹಿಡಿಯುವ ಗ್ರಾಹಕಗಳಿವೆ. ಈ ಗ್ರಾಹಕಗಳ ದೊಡ್ಡ ಜೀನ್ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಕಂಡುಹಿಡಿದರು. 2004ರಲ್ಲಿ ಅವರಿಗೆ ನೊಬೆಲ್ ಬಂತು. ಮನುಷ್ಯರಲ್ಲಿ ಕೆಲಸ ಮಾಡುವ ಇಂಥ ಗ್ರಾಹಕಗಳು ಸುಮಾರು 400 ಬಗೆ. ಒಂದೊಂದು ವಾಸನೆಯೂ ಇವುಗಳಲ್ಲಿ ಕೆಲವನ್ನು ಒಟ್ಟಿಗೆ ಮೀಟುತ್ತೆ, ಹಾರ್ಮೋನಿಯಂನಲ್ಲಿ ನಾಲ್ಕೈದು ಮನೆ ಒಟ್ಟಿಗೆ ಒತ್ತಿದ ಹಾಗೆ.

ಕಣ್ಣು, ಕಿವಿಯಿಂದ ಬರುವ ಸಂಕೇತಗಳು ಮಿದುಳಿನ ಹೊರಪದರಕ್ಕೆ ಹೋಗುವ ಮುಂಚೆ ಥಲಾಮಸ್ ಅನ್ನುವ ನಿಲ್ದಾಣದಲ್ಲಿ ಇಳಿದು ಹೋಗಬೇಕು. ವಾಸನೆಗೆ ಆ ನಿಲ್ದಾಣ ಇಲ್ಲ. ಭಾವನೆಗೆ ಸಂಬಂಧಿಸಿದ ಅಮಿಗ್ಡಲಾಕ್ಕೆ ನೇರ ದಾರಿ, ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್‌ಗೆ ಹತ್ತಿರದ ದಾರಿ. ಅದಕ್ಕೇ ಏನು ವಾಸನೆ ಅಂತ ಹೆಸರು ಹೊಳೆಯೋ ಮುಂಚೆಯೇ ಎದೆಯೊಳಗೆ ಏನೋ ಆಗಿರುತ್ತೆ.

ಇನ್ನೊಂದು ಸ್ವಾರಸ್ಯ. 2006ರಲ್ಲಿ ಸ್ವೀಡನ್‌ನ ಯೊಹಾನ್ ವಿಲ್ಯಾಂಡರ್ ಮತ್ತು ಮರಿಯಾ ಲಾರ್ಸನ್, 65 ದಾಟಿದ ಹಿರಿಯರಿಗೆ ಪದ, ಚಿತ್ರ, ವಾಸನೆಗಳನ್ನು ಕೊಟ್ಟು ಏನು ನೆನಪಾಗುತ್ತೆ ಅಂತ ಕೇಳಿದರು. ಪದ ಮತ್ತು ಚಿತ್ರ ಎಬ್ಬಿಸಿದ ನೆನಪುಗಳಲ್ಲಿ ಹೆಚ್ಚಿನವು 11ರಿಂದ 20ನೇ ವಯಸ್ಸಿನವು. ವಾಸನೆ ಎಬ್ಬಿಸಿದವು ಅದಕ್ಕೂ ಹಿಂದಿನವು, 10 ವರ್ಷದೊಳಗಿನವು. ಪೆಪ್ಪರ್‌ಮೆಂಟು ತಿನ್ನೋ ವಯಸ್ಸು ಅದೇ ತಾನೆ?

ಸರಿ, ನೆನಪು ಅಷ್ಟು ಗಟ್ಟಿ ಅಂದ ಮೇಲೆ, ತಿಂಡಿ ವಾಪಸ್ ಬಂದಾಗ ಯಾಕೆ ನಿರಾಸೆ? ಕಂಪನಿಯವರು ಏನೋ ಬದಲಾಯಿಸಿದ್ದಾರೆ ಅಂತ ಬೈಯೋದು ಸುಲಭ. ಒಮ್ಮೊಮ್ಮೆ ನಿಜವೂ ಇರಬಹುದು. ಆದರೆ ಪಾಕ ಒಂದು ಚೂರೂ ಬದಲಾಗಿಲ್ಲ ಅಂತಲೇ ಇಟ್ಕೊಂಡರೂ, ಬದಲಾಗಿರೋದು ಇನ್ನೂ ಎರಡಿವೆ.

ಒಂದು, ತಿನ್ನುವ ನಾವು. ನಾಲಿಗೆಯ ರುಚಿಕೋಶಗಳು ಸುಮಾರು 10 ದಿನಕ್ಕೊಮ್ಮೆ ಹೊಸದಾಗುತ್ತವೆ. ವಾಸನೆಯ ನರಕೋಶಗಳೂ ಸಾಯ್ತಾ, ಹುಟ್ತಾ ಇರುತ್ತವೆ. ರೋಲಾ ಕೋಲಾ ಚೀಪಿದ ಎಂಟು ವರ್ಷದ ಹುಡುಗಿಯ ಒಂದು ರುಚಿಕೋಶವೂ ಈಗ ನನ್ನಲ್ಲಿಲ್ಲ. ಜೊತೆಗೆ, ಮಕ್ಕಳಿಗೆ ದೊಡ್ಡವರಿಗಿಂತ ಹೆಚ್ಚು ಸಿಹಿ ಇಷ್ಟ. ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯಲ್ಲಿ ಜೂಲಿ ಮೆನ್ನೆಲ್ಲಾ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಹದಿಹರೆಯ ಮುಗಿಯುತ್ತಾ ಆ ಆಸೆ ಇಳಿಯುತ್ತೆ. ಆಗ ಸ್ವರ್ಗ ಅನಿಸಿದ್ದು ಈಗ ಬರೀ ಸಿಹಿ ಅನಿಸಿದರೆ ತಪ್ಪು ಪೆಪ್ಪರ್‌ಮೆಂಟಿನದ್ದಲ್ಲ.

ಎರಡು, ನೆನಪು. ನೆನಪು ಅನ್ನೋದು ಬೀರುವಿನಲ್ಲಿಟ್ಟ ಫೋಟೊ ಅಲ್ಲ. 2000ದಲ್ಲಿ ಕರೀಂ ನಾದರ್ ಮತ್ತು ಸಂಗಡಿಗರು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಶಬ್ದ ಕೇಳಿದರೆ ಹೆದರಬೇಕು ಅಂತ ಇಲಿ ಕಲಿತಿದೆ. ಆ ನೆನಪನ್ನು ಮತ್ತೆ ಎಬ್ಬಿಸಿ, ತಕ್ಷಣ ಅಮಿಗ್ಡಲಾದಲ್ಲಿ ಹೊಸ ಪ್ರೋಟೀನ್ ತಯಾರಾಗದ ಹಾಗೆ ತಡೆದರು. ಹಳೆಯ ಭಯವೇ ಕುಂದಿಹೋಯ್ತು! ಅಂದರೆ, ನೆನಪು ಎದ್ದಾಗ ಸ್ವಲ್ಪ ಹೊತ್ತು ಮೆತ್ತಗಾಗುತ್ತೆ, ಮತ್ತೆ ಗಟ್ಟಿಯಾಗಬೇಕು. ನಮ್ಮ ನೆನಪೂ ಹಾಗೆಯೇ ಸ್ವಲ್ಪ ಸ್ವಲ್ಪ ಬದಲಾಗುತ್ತೆ. ಪರದೇಶದಲ್ಲಿ ಕೂತು, ಗೆಳತಿಯರ ಹತ್ತಿರ ಹೇಳಿ ಹೇಳಿ, ನಾನು ರೋಲಾ ಕೋಲಾಕ್ಕೆ ಎಷ್ಟು ಸಕ್ಕರೆ ಬೆರೆಸಿದ್ದೀನೋ! ಯಾವ ಕಾರ್ಖಾನೆಗೆ ತಾನೆ ಅದನ್ನು ಮಾಡಿಕೊಡೋಕೆ ಆಗುತ್ತೆ?

ರುಚಿ ನಾಲಿಗೆಯೊಂದರದ್ದೇ ಅಲ್ಲ ಅನ್ನೋದಕ್ಕೆ ದುಬಾರಿ ಸಾಕ್ಷಿ ಅಮೆರಿಕದಲ್ಲಿ ಸಿಕ್ಕಿತು. ಕೋಕಾ ಕೋಲಾ ಕಂಪನಿ ಹೆಸರು ಮುಚ್ಚಿಟ್ಟು ಸುಮಾರು 2 ಲಕ್ಷ ಜನರಿಗೆ ಕುಡಿಸಿ ನೋಡಿತ್ತು. ಹೊಸ ಪಾಕವೇ ಹೆಚ್ಚು ಜನಕ್ಕೆ ಹಿಡಿಸಿತು. 1985ರ ಏಪ್ರಿಲ್ 23ಕ್ಕೆ ಹಳೆಯದನ್ನು ನಿಲ್ಲಿಸಿ ಹೊಸದನ್ನು ತಂದರು. ಜನ ಸಿಡಿದೆದ್ದರು. 79 ದಿನಕ್ಕೆ ಹಳೆಯದು ವಾಪಸ್ ಬಂತು. ನಾಲಿಗೆಗೆ ಹೊಸದು ಇಷ್ಟವಾಗಿತ್ತು, ನೆನಪಿಗೆ ಆಗಿರಲಿಲ್ಲ.

ಈಗ ಅಪ್ಪನ ವಿಷಯ. ಆ ರಜೆ ಮುಗಿಸಿ ನಾನು ಜರ್ಮನಿಯ ಲೈಪ್‌ಜಿಗ್‌ಗೆ ವಾಪಸ್ ಬಂದ ಮೇಲೂ ಅವರ ದೂರು ನಿಲ್ಲಲಿಲ್ಲ. ಕಾಫಿಪುಡಿ ಅಂಗಡಿ ಎರಡು ಸಲ ಬದಲಾಯಿಸಿದರು. ಸಾರಿಗೆ ಇಂಗು ಹಾಕಿಲ್ಲ ಅಂತ ಅಮ್ಮನ ಹತ್ತಿರ ಜಗಳ. ವಯಸ್ಸಾದವರಿಗೆ ಹಳೇ ಕಾಲವೇ ಚೆಂದ ಅಂತ ನಾನು ಫೋನಲ್ಲಿ ನಗಾಡ್ತಿದ್ದೆ. ಒಂದು ದಿನ ಅಮ್ಮ ಫೋನ್ ಮಾಡಿದರು. ಒಲೆ ಮೇಲೆ ಹಾಲಿಟ್ಟು ಪಕ್ಕದ ಮನೆಗೆ ಹೋಗಿದ್ದರಂತೆ. ಹಾಲು ಸೀದು, ಪಾತ್ರೆ ಕರಕಲಾಗಿ, ವಾಸನೆ ಬೀದಿಗೆ ಬಂದಿದೆ. ಅಪ್ಪ ಅಡುಗೆಮನೆ ಪಕ್ಕದ ಕೋಣೆಯಲ್ಲೇ ಪೇಪರ್ ಓದ್ತಾ ಕೂತಿದ್ದಾರೆ!

ಬರೀ ಸಕ್ಕರೆ ಕಣೆ. ಆ ಮಾತು ಆವಾಗ ಹೊಳೀತು. ಅಪ್ಪ ಹಳೆಯ ಕಾಲವನ್ನು ಹೊಗಳ್ತಾ ಇರಲಿಲ್ಲ. ತಮಗೆ ಏನಾಗ್ತಿದೆ ಅನ್ನೋದನ್ನು ಇದ್ದ ಹಾಗೇ ಹೇಳ್ತಿದ್ದರು. ಮೂಗು ಹಿಡಿದುಕೊಂಡು ಪೆಪ್ಪರ್‌ಮೆಂಟು ತಿಂದರೆ ಉಳಿಯೋದು ಬರೀ ಸಕ್ಕರೆ ತಾನೆ? ನಾನು ಜೀವವಿಜ್ಞಾನಿ, ಪಕ್ಕದಲ್ಲೇ ಕೂತಿದ್ದೆ, ನಕ್ಕುಬಿಟ್ಟೆ.

ಇದು ನಮ್ಮ ಮನೆಯ ವಿಷಯ ಮಾತ್ರ ಅಲ್ಲ. 1984ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಡೋಟಿ ಮತ್ತು ಸಂಗಡಿಗರು ಸುಮಾರು 2 ಸಾವಿರ ಜನರ ವಾಸನಾಶಕ್ತಿ ಅಳೆದರು. 65ರಿಂದ 80 ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ಬಹಳ ಕುಂದಿತ್ತು, 80 ದಾಟಿದವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನರಿಗೆ. ಮೆಲ್ಲಗೆ ಕುಂದುವುದರಿಂದ ಎಷ್ಟೋ ಜನರಿಗೆ ಅದು ಗೊತ್ತೇ ಆಗಲ್ಲ. ಮೂಗು ಸೋತಿದೆ ಅನ್ನಲ್ಲ, ಊಟ ರುಚಿಯಿಲ್ಲ ಅಂತಾರೆ. ಊಟ ಕಡಿಮೆ ಮಾಡ್ತಾರೆ, ಇಲ್ಲವೇ ಉಪ್ಪು, ಸಕ್ಕರೆ ಹೆಚ್ಚು ಹಾಕ್ಕೊಳ್ತಾರೆ. ಗ್ಯಾಸ್ ಸೋರಿದರೂ ತಿಳಿಯಲ್ಲ. ಪಾರ್ಕಿನ್ಸನ್, ಆಲ್ಜೈಮರ್ ಕಾಯಿಲೆಗಳಲ್ಲಿ ವಾಸನೆ ಕುಂದುವುದು ಬೇರೆ ಲಕ್ಷಣಗಳಿಗಿಂತ ಮುಂಚೆಯೇ ಕಾಣಿಸಿಕೊಳ್ಳಬಹುದು. ಹಾಗಂತ ಗಾಬರಿ ಬೇಡ, ಹೆಚ್ಚಿನವರಲ್ಲಿ ಕಾರಣ ಸಾಮಾನ್ಯವಾದದ್ದೇ: ವಯಸ್ಸು, ನೆಗಡಿ, ಕೋವಿಡ್, ಸೈನಸ್ ತೊಂದರೆ.

ಅಪ್ಪನಿಗೆ ಇದ್ದದ್ದು ಪಾಲಿಪ್, ಮೂಗಿನೊಳಗೆ ಬೆಳೆಯುವ ಮೆತ್ತನೆಯ ಗಂಟುಗಳು. ಇ.ಎನ್.ಟಿ. ಡಾಕ್ಟರು ಸ್ಟಿರಾಯ್ಡ್ ಸ್ಪ್ರೇ ಕೊಟ್ಟರು. ಜೊತೆಗೆ ವಾಸನೆಯ ಅಭ್ಯಾಸವನ್ನೂ ಹೇಳಿದರು. ಇದು ಶುರುವಾದದ್ದು ನನ್ನೂರಿಂದ ರೈಲಲ್ಲಿ ಒಂದು ಗಂಟೆ ಚಿಲ್ಲರೆ ದೂರದ ಡ್ರೆಸ್ಡೆನ್‌ನಲ್ಲಿ. 2009ರಲ್ಲಿ ಥಾಮಸ್ ಹುಮ್ಮೆಲ್ ಅವರ ತಂಡ ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕನ್ನು ದಿನಕ್ಕೆರಡು ಸಲ, 12 ವಾರ ಮೂಸಿಸಿತು. ಮೂಸಿದವರಲ್ಲಿ ಕೆಲವರ ವಾಸನಾಶಕ್ತಿ ಸುಧಾರಿಸಿತ್ತು. ವೈರಸ್ ಸೋಂಕಿನಿಂದ ವಾಸನೆ ಕಳೆದುಕೊಂಡವರಿಗೆ ಇದನ್ನು ಈಗ ಹೆಚ್ಚಾಗಿ ಹೇಳ್ತಾರೆ. ಎಲ್ಲರಿಗೂ ಫಲ ಸಿಗಲ್ಲ, ಆದರೆ ಖರ್ಚಿಲ್ಲ. ಅಮ್ಮ ಲವಂಗ, ನಿಂಬೆಸಿಪ್ಪೆ ಹಿಡಿದು ದಿನಾ ಎರಡು ಹೊತ್ತು ಅಪ್ಪನ ಮುಂದೆ ಕೂರ್ತಿದ್ದರು.

ಹಾಗಾಗಿ ಇವತ್ತಿನ ಮನೆಗೆಲಸ ಇದು. ನಿಮ್ಮ ಮನೆಯ ಹಿರಿಯರು ಈಗಿನ ತಿಂಡಿಗೆ ರುಚಿಯೇ ಇಲ್ಲ ಅಂದರೆ, ಮೊದಲು ಅವರ ಬಾಲ್ಯದ ಕಥೆ ಪೂರ್ತಿ ಕೇಳಿ. ಆಮೇಲೆ ಕಣ್ಣು ಮುಚ್ಚಿಸಿ ಕಾಫಿಪುಡಿ, ಏಲಕ್ಕಿ, ಸೋಪು ಒಂದೊಂದಾಗಿ ಮೂಸೋಕೆ ಕೊಡಿ. ಗೊತ್ತಾಗದಿದ್ದರೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ನಮ್ಮ ಹಾಗೆ ದೂರ ಇರೋರು ವಿಡಿಯೊ ಕಾಲಿನಲ್ಲೂ ಇದನ್ನು ಮಾಡಿಸಬಹುದು.

ಅಪ್ಪನಿಗೆ ವಾಸನೆ ಪೂರ್ತಿ ಬಂದಿಲ್ಲ. ಗೋಲ್ಡ್ ಸ್ಪಾಟ್ ಅಂತೂ ಬರಲೇ ಇಲ್ಲ. ಆದರೆ ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿದರು. “ಮಾರ್ಕೆಟ್ ಕಡೆ ಹೋಗಿದ್ದೆ. ಕೊಬ್ಬರಿ ವಾಸನೆ ಬಂತು ಕಣೆ” ಅಂದರು.