ಮಳೆಕಾಡಿನ ಕಾಲು, ಶ್ರೀಶೈಲದ ಬಿಸಿಲು

ಯುಗಾದಿ ಹತ್ತಿರ ಬಂತೆಂದರೆ ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯ ಮಲ್ಲಯ್ಯನ ಭಕ್ತರು ಶ್ರೀಶೈಲದ ದಾರಿ ಹಿಡಿಯುತ್ತಾರೆ. ಗೋಕಾಕದಿಂದ ಗೆರೆ ಎಳೆದು ಅಳೆದರೇ 430 ಕಿ.ಮೀ. ಆಸುಪಾಸು, ರಸ್ತೆ ಇನ್ನೂ ಉದ್ದ. ಈಚೆಗೆ ಅಂಬೋಲಿ, ಕುಮಾರಪರ್ವತ ಸುತ್ತಿಬಂದ ಹುಡುಗರೂ ಕೂಡಿಕೊಳ್ಳುತ್ತಿದ್ದಾರೆ. ಕಾಲಲ್ಲಿ ಕಸುವಿದೆ, ರೂಢಿ ಮಾತ್ರ ಮಳೆಸೀಮೆಯದು. ಅವರಿಗಾಗಿ ಈ ನಾಲ್ಕು ಮಾತು.

1. ಬೆವರನ್ನು ನಂಬಬೇಡಿ. ಘಟ್ಟದಲ್ಲಿ ಅಂಗಿ ಮೈಗಂಟಿದಾಗ ನೀರಿನ ನೆನಪಾಗುತ್ತದೆ. ರಾಯಚೂರು ಕಡೆಯ ಒಣಗಾಳಿಯಲ್ಲಿ ಬೆವರು ಮೂಡಿದಲ್ಲೇ ಆರುತ್ತದೆ. ಕೊರಳಪಟ್ಟಿಯ ಮೇಲೆ ಉಪ್ಪಿನ ಬಿಳಿ ಗೆರೆಯಷ್ಟೇ ಉಳಿಯುತ್ತದೆ. ಆ ಗೆರೆ ಕಾಣುವವರೆಗೆ ಕಾಯದೆ ಆಗಾಗ ಗುಟುಕು ಗುಟುಕಾಗಿ ಕುಡಿಯಿರಿ. ಬರೀ ನೀರನ್ನೇ ಸುರಿದುಕೊಂಡರೂ ಅಪಾಯ, ರಕ್ತದಲ್ಲಿನ ಉಪ್ಪಿನಂಶ ಇಳಿಯುತ್ತದೆ. ಓಆರ್‌ಎಸ್ ಪುಡಿ ಇಲ್ಲದಿದ್ದರೆ ಲೀಟರ್ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ದಾರಿಯ ದಾಸೋಹದಲ್ಲಿ ಮಜ್ಜಿಗೆ ಕೊಟ್ಟರೆ ಒಲ್ಲೆನ್ನಬೇಡಿ. ಜೊತೆಗಾರ ತೊದಲತೊಡಗಿದರೆ, ಕೇಳಿದ್ದಕ್ಕೆ ಇನ್ನೇನೋ ಹೇಳಿದರೆ, ನೆರಳಿಗೆ ಎಳೆದು ಮೈಮೇಲೆ ನೀರು ಸುರಿದು ಗಾಳಿ ಬೀಸಿ; ತಡಮಾಡದೆ ದವಾಖಾನೆಗೆ ಒಯ್ಯಿರಿ.

2. ಗೋಕಾಕ, ಶ್ರೀಶೈಲ ಎರಡೂ 16 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ. ಅಂದರೆ ನಡಿಗೆ ಪೂರ್ವಕ್ಕೆ, ಮುಂಜಾನೆಯ ಸೂರ್ಯ ನೆಟ್ಟಗೆ ಕಣ್ಣಿಗೆ. ಹಿರಿಯರು ನಸುಕಿನ ಮೂರಕ್ಕೇ ಎಬ್ಬಿಸುತ್ತಾರೆ.

“ಅಜ್ಜಾರ, ಇನ್ನೂ ಕತ್ತಲ ಐತ್ರಿ.”

“ಬಿಸಲ ಏರೂದ್ರೊಳಗ ಮುಂದಿನ ಊರ ಮುಟ್ಟಬೇಕ ತಮ್ಮಾ, ಏಳ.”

ಕತ್ತಲಲ್ಲಿ ಲಾರಿಯವನಿಗೆ ಕಾಣುವಂತೆ ಚೀಲದ ಬೆನ್ನಿಗೆ ರೇಡಿಯಂ ಪಟ್ಟಿ ಅಂಟಿಸಿ. ಮಧ್ಯಾಹ್ನ ಗುಡಿಯ ಕಟ್ಟೆಯೋ ಬೇವಿನ ನೆರಳೋ ಸಿಕ್ಕಲ್ಲಿ ಮಲಗಿಬಿಡಿ. ಘಟ್ಟದಲ್ಲಿ ಹಗಲೆಲ್ಲ ನಡೆದ ಜಂಬ ಇಲ್ಲಿ ನಡೆಯದು.

3. ಮಳೆಯಲ್ಲಿ ಹತ್ತಿ ಬಟ್ಟೆ ವೈರಿ, ಒಮ್ಮೆ ತೊಯ್ದರೆ ಆರುವುದಿಲ್ಲ. ಇಲ್ಲಿ ಅದೇ ನೆಂಟ. ಸಡಿಲವಾದ ತುಂಬುತೋಳಿನ ಅಂಗಿ, ತಲೆಗೆ ನೀರಲ್ಲಿ ಅದ್ದಿದ ಪಂಚೆ ಸಾಕು. ರೇನ್‌ಕೋಟು ಮನೆಯಲ್ಲಿರಲಿ, ಛತ್ರಿ ಬೇಕು.

4. ನೀರು ಒಳಗೆ ಬಿಡದ ಬೂಟು ಬೆವರನ್ನೂ ಹೊರಗೆ ಬಿಡದು. ಡಾಂಬರಿನ ಕಾವಿಗೆ ಪಾದ ಊದುತ್ತದೆ. ಗಾಳಿಯಾಡುವ ಬೂಟನ್ನು ಒಂದು ಸೈಜು ದೊಡ್ಡದೇ ಕೊಳ್ಳಿ, ಸಂಜೆ ಹೊತ್ತು ಹಾಕಿನೋಡಿ ಕೊಳ್ಳಿ. ಅಟ್ಟೆ ದಪ್ಪಗಿರಬೇಕು. ಜಿಗಣೆ ಇಲ್ಲವೆಂದು ಹಿಗ್ಗುವವರಿಗೆ ಬಳ್ಳಾರಿ ಜಾಲಿಯ ಮುಳ್ಳು ಕಾದಿರುತ್ತದೆ. ತೆಳು ಸ್ಪಂಜಿನ ಅಟ್ಟೆ ತೂರಿ ಹಿಮ್ಮಡಿಗೆ ಹೊಕ್ಕು ಒಳಗೇ ಮುರಿಯುತ್ತದೆ. ಸೂಜಿ, ಚಿಮಟ ಜೇಬಲ್ಲೇ ಇರಲಿ. ರಾತ್ರಿ ಪಾದ ತೊಳೆದು ಕೊಬ್ಬರಿ ಎಣ್ಣೆ ಹಚ್ಚಿ, ಒಡೆದ ಹಿಮ್ಮಡಿ ನೀರ್ಗುಳ್ಳೆಗಿಂತ ಹೆಚ್ಚು ಕಾಡುತ್ತದೆ.

5. ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಘಟ್ಟದ ತೇವಕ್ಕೆ ಮೆತ್ತಗಾಗುವ ರೊಟ್ಟಿ ಇಲ್ಲಿ ಗರಿಗರಿಯಾಗಿಯೇ ಇರುತ್ತದೆ. ನಮ್ಮ ಗೋಕಾಕ ಕರದಂಟು ಹೇಗೂ ಇದ್ದೇ ಇದೆ, ಅಂಟು, ಬೆಲ್ಲ, ತುಪ್ಪ, ಒಣಹಣ್ಣು. ಹೊಗಳಲು ನನಗೂ ಆಸೆಯೇ, ಆದರೆ ಅದು ನಸುಕಿನ ತಿನಿಸು. ಮಟಮಟ ಮಧ್ಯಾಹ್ನ ತಿಂದರೆ ದಾಹವೇ ಜಾಸ್ತಿ.

6. ತಾಲೀಮಿಗೆ ಊರು ಬಿಟ್ಟು ಹೋಗಬೇಕಿಲ್ಲ, ಆದರೆ ಹಾದಿ ಆರಿಸಿಕೊಳ್ಳಿ. ಹಿಡಕಲ್ ಹಿನ್ನೀರಿನ ದಂಡೆಯಲ್ಲೋ ಮೂಡಲಗಿಯ ಕಾಲುವೆ, ಕಬ್ಬಿನ ನಡುವೆಯೋ ಎಷ್ಟು ನಡೆದರೂ ಒಣ ಬಿಸಿಲಿನ ಪರಿಚಯವಾಗದು. ಗೋಕಾಕ ಫಾಲ್ಸ್ ಸುತ್ತಲಿನ ಕಲ್ಲುಗುಡ್ಡಕ್ಕೆ ಬನ್ನಿ. ಆಗಸ್ಟಿನಲ್ಲಿ ಘಟಪ್ರಭೆ 52 ಮೀಟರ್ ಧುಮುಕುವ ಜಾಗ ಬೇಸಿಗೆಗೆ ಬರೀ ಬಂಡೆ, ಕಾವು ಕೆಳಗಿನಿಂದಲೂ ಏರುತ್ತದೆ. ಕಾವಿಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಮೊದಲು ಅರ್ಧ ತಾಸು, ಆಮೇಲೆ ಮೆಲ್ಲಗೆ ಏರಿಸಿ. ಹೊರಡುವ ವಾರವಷ್ಟೇ ಬಿಸಿಲಿಗಿಳಿಯುವವರು ಮೊದಲ ಹಂತದಲ್ಲೇ ಬಸ್ ಹತ್ತುವುದುಂಟು.

7. ಆತ್ಮಕೂರು ದಾಟಿ ವೆಂಕಟಾಪುರದಿಂದ ನಲ್ಲಮಲ ಕಾಡು. ನಾಗಲೂಟಿಯ ವೀರಭದ್ರ, ಪೆದ್ದಚೆರುವು, ಆಮೇಲೆ ಭೀಮನ ಕೊಳ್ಳ. ಈ ಕಾಡಿನೊಳಗೆ ಹೋಗುವಾಗ ಬಾಟಲಿ ತುಂಬಿರಲಿ. ನೆರಳಿದೆಯೆಂದು ನೀರೂ ಇದ್ದೀತೆಂಬ ಲೆಕ್ಕ ಬೇಡ. ಕೊಳ್ಳಕ್ಕೆ ಇಳಿಯುವಾಗ ಮೊಣಕಾಲಿಗೆ ಕೋಲಿನ ಆಸರೆ ಕೊಡಿ. ಅಲ್ಲಿಂದ ಕೈಲಾಸ ಬಾಗಿಲಿಗೆ ಕಡಿದಾದ ಕಲ್ಲುಮೆಟ್ಟಿಲು. ಬಯಲಿನ ಗಟ್ಟಿಗರು ಏದುಸಿರು ಬಿಡುವ ಈ ಏರಿನಲ್ಲಿ ಕುಮಾರಪರ್ವತದ ಹುಡುಗರೇ ಮುಂದು. ಅಜ್ಜಂದಿರ ಗಂಟು ಹೊರುವ ಸರದಿ ಅವರದು.