ಸಂತೆಗೆ ಹೋಗೋಣ, ನೋಡಿ ಕೊಳ್ಳೋಣ

ಇವತ್ತು ಸೋಮವಾರ. ನಮ್ಮೂರ ಸಂತೆ. ನಾವೆಲ್ಲ ಚೀಲ ಹಿಡಿದು ಹೊರಟಿದ್ದೇವೆ. ಕಾಸು ಸೆರಗಿನಲ್ಲಿದೆ. ಏನು ಬೇಕು ಅನ್ನೋದು ಚೀಟಿಯಲ್ಲಿದೆ. ಈ ಚೀಟಿ ನಾವೇ ಬರೆದದ್ದು. ಮೊದಲು ಎಲ್ಲವನ್ನೂ ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಬೇಕಾದ್ದು ಮರೆಯುತ್ತಿತ್ತು. ಬೇಡವಾದ್ದು ಚೀಲ ಸೇರುತ್ತಿತ್ತು.

ಮನೆಗೆ ಸಾಮಾನು ತರುವವರು ಹೆಚ್ಚಾಗಿ ನಾವೇ, ಹೆಂಗಸರು. ಅಡುಗೆ ಮಾಡುವವರೂ ನಾವೇ. ಹಾಗಾದರೆ ಏನು ಕೊಳ್ಳಬೇಕು, ಎಲ್ಲಿ ಕೊಳ್ಳಬೇಕು, ಹೇಗೆ ಕೊಳ್ಳಬೇಕು? ಇವತ್ತಿನ ಪಾಠದಲ್ಲಿ ಅದನ್ನು ತಿಳಿಯೋಣ.

ನಮ್ಮ ರಾಗಿ ನಮಗೇಕೆ ಬೇಡವಾಯಿತು?

ನಮ್ಮ ಹೊಲದಲ್ಲಿ ರಾಗಿ ಬೆಳೆಯುತ್ತದೆ. ಆದರೆ ನೆಂಟರು ಬಂದರೆ ಮುದ್ದೆ ಬಡಿಸಲು ನಾಚಿಕೆ. "ಅಯ್ಯೋ, ಮುದ್ದೆ ಇಕ್ಕಿದ್ರೆ ಏನಂದ್ಕೊಂಡಾರು? ಅನ್ನ ಮಾಡವ್ವಾ" ಅನ್ನುತ್ತೇವೆ. ಅಕ್ಕಿ ಅಂದರೆ ದೊಡ್ಡದು, ರಾಗಿ ಅಂದರೆ ಚಿಕ್ಕದು ಅನ್ನುವ ಭಾವನೆ ನಮ್ಮಲ್ಲಿದೆ.

ಈ ಜಗಳ ಇಂದು ನಿನ್ನೆಯದಲ್ಲ. 16ನೇ ಶತಮಾನದಲ್ಲಿದ್ದ ಕನಕದಾಸರು 'ರಾಮಧಾನ್ಯ ಚರಿತೆ' ಎಂಬ ಕಾವ್ಯ ಬರೆದರು. ಅದರಲ್ಲಿ ಭತ್ತಕ್ಕೂ ರಾಗಿಗೂ ವಾದ. ಯಾರು ಮೇಲು ಎಂದು ಶ್ರೀರಾಮನ ಮುಂದೆ ನ್ಯಾಯ. ಕೊನೆಗೆ ಗೆದ್ದದ್ದು ಬಡವರ ಕಾಳು ರಾಗಿ.

ರಾಗಿಯಲ್ಲಿ ಏನಿದೆ? ಮೂಳೆಗೆ, ಹಲ್ಲಿಗೆ ಬೇಕಾದ ಸುಣ್ಣದ ಅಂಶ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. ರಾಗಿಗೆ ಹುಳು ಬೀಳುವುದೂ ಕಡಿಮೆ. ಹಿಂದೆ ನಮ್ಮ ಹಿರಿಯರು ಹಗೇವಿನಲ್ಲಿ ಹಾಕಿ ವರ್ಷಗಟ್ಟಲೆ ಇಡುತ್ತಿದ್ದರು. ಬರ ಬಂದಾಗ ಅದೇ ಕಾಪಾಡುತ್ತಿತ್ತು.

2023ನೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಆಚರಿಸಿತು. ಆಗ ಪೇಟೆಯವರೂ ರಾಗಿ, ಸಜ್ಜೆ, ನವಣೆ ಹುಡುಕಿಕೊಂಡು ಬಂದರು. ನಾವು ಮಾತ್ರ ಸುಗ್ಗಿಯಲ್ಲಿ ಅವಸರಕ್ಕೆ ರಾಗಿ ಮಾರುತ್ತೇವೆ. ಬೇಸಿಗೆಯಲ್ಲಿ ಅದೇ ರಾಗಿಯ ಹಿಟ್ಟನ್ನು ಪೊಟ್ಟಣದಲ್ಲಿ ಕೊಳ್ಳುತ್ತೇವೆ. ನಮ್ಮ ರಾಗಿ ನಮಗೇ ದುಬಾರಿಯಾಗಿ ತಿರುಗಿ ಬರುತ್ತದೆ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಮಾರಿದರೆ ಆಗದೇ?

ಮಾರುವಾಗಲೂ ಬೆಲೆ ಗೊತ್ತಿರಬೇಕು. 2025-26ರ ಸಾಲಿಗೆ ಕೇಂದ್ರ ಸರಕಾರ ರಾಗಿಗೆ ಕ್ವಿಂಟಾಲಿಗೆ 4,886 ರೂಪಾಯಿ ಬೆಂಬಲ ಬೆಲೆ ಗೊತ್ತು ಮಾಡಿತು. ಅಂದರೆ ಕೆಜಿಗೆ ಸುಮಾರು 49 ರೂಪಾಯಿ. ಈ ಬೆಲೆ ವರ್ಷವರ್ಷ ಬದಲಾಗುತ್ತದೆ. ಮಾರುವ ಮುಂಚೆ ಆ ವರ್ಷದ ಬೆಲೆ ಕೇಳಿ ತಿಳಿಯೋಣ.

ಕಾಲಕ್ಕೆ ತಕ್ಕ ತರಕಾರಿ

ಸಂತೆಯಲ್ಲಿ ಆಯಾ ಕಾಲದ ತರಕಾರಿ ರಾಶಿ ಬಿದ್ದಿರುತ್ತದೆ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ. ಮಳೆ ಬಿದ್ದರೆ ಬಗೆಬಗೆಯ ಸೊಪ್ಪು. ಆ ಕಾಲದಲ್ಲಿ ಅವು ಅಗ್ಗ, ರುಚಿಯೂ ಹೆಚ್ಚು. ದೂರದಿಂದ ಲಾರಿಯಲ್ಲಿ ಬಂದ ತರಕಾರಿಗೆ ಬಾಡಿಗೆ, ಕೂಲಿ, ದಲ್ಲಾಳಿ ಖರ್ಚು ಸೇರುತ್ತದೆ. ಪಕ್ಕದ ಹಳ್ಳಿಯ ಹೆಂಗಸು ತಂದ ದಂಟು, ಕೀರೆ ಕೊಂಡರೆ ಕಾಸು ನೇರ ಅವಳ ಕೈ ಸೇರುತ್ತದೆ. ಹಿತ್ತಲಲ್ಲಿ ಒಂದು ನುಗ್ಗೆ ಮರ ಇದ್ದರೆ ಆ ಸೊಪ್ಪಿಗೆ ಕಾಸೇ ಬೇಡ.

ಆದರೆ ಊರಿನದು ಅಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ. ಬಾಡಿದ್ದು, ಕೊಳೆತದ್ದು ಬೇಡ. ಸೊಪ್ಪು ತರಕಾರಿಯನ್ನು ಚೆನ್ನಾಗಿ ತೊಳೆಯಬೇಕು. ಉಪ್ಪಿನ ವಿಷಯದಲ್ಲಿ ಮಾತ್ರ ಪೊಟ್ಟಣದ್ದೇ ಸರಿ. ಅಯೋಡಿನ್ ಇರುವ ಉಪ್ಪನ್ನೇ ಕೊಳ್ಳೋಣ. ಅಯೋಡಿನ್ ಸಾಲದಿದ್ದರೆ ಗಳಗಂಡ ರೋಗ ಬರುತ್ತದೆ. ಹುಟ್ಟುವ ಮಗುವಿನ ಬುದ್ಧಿ ಬೆಳವಣಿಗೆಗೂ ತೊಂದರೆ.

ಚಿಲ್ಲರೆಯ ಲೆಕ್ಕ

ಒಂದು ಲೆಕ್ಕ ಹಾಕೋಣ. ಒಂದು ಕೆಜಿ ತೊಗರಿಬೇಳೆಗೆ 120 ರೂಪಾಯಿ ಎಂದು ಇಟ್ಟುಕೊಳ್ಳೋಣ. ದಿನಾ ಸಂಜೆ ಅಂಗಡಿಗೆ ಹೋಗಿ 100 ಗ್ರಾಂ ತಂದರೆ 14 ರೂಪಾಯಿ. ಹೀಗೆ ಹತ್ತು ಸಲ ತಂದರೆ ಒಂದು ಕೆಜಿ. ಕೊಟ್ಟ ಹಣ 140 ರೂಪಾಯಿ. ಒಂದು ಕೆಜಿಗೆ 20 ರೂಪಾಯಿ ಹೆಚ್ಚು ಹೋಯಿತು.

"ಒಟ್ಟಿಗೆ ತರೋಕೆ ಕಾಸೆಲ್ಲಿದೆ?" ಅಂತ ಕೇಳಬಹುದು. ನಿಜ. ಕೂಲಿ ಬಂದ ದಿನವೇ ಸಾಮಾನು ತರಬೇಕು. ಅದಕ್ಕೇ ನಮ್ಮ ಗುಂಪಿನ ಐದು ಮನೆಯವರು ಸೇರಿ ಐದು ಕೆಜಿ ಬೇಳೆ ಒಟ್ಟಿಗೆ ತಂದೆವು. ಮನೆಗೆ ತಂದು ಹಂಚಿಕೊಂಡೆವು. ಎಲ್ಲರಿಗೂ ಉಳಿತಾಯ ಆಯಿತು.

ಉದ್ದರಿ ಪುಸ್ತಕ

ನಮ್ಮ ಗುಂಪಿನ ಒಬ್ಬ ಅಕ್ಕನ ಕತೆ ಕೇಳಿ. ಅವರು ಹಲವು ವರ್ಷ ಒಂದೇ ಅಂಗಡಿಯಲ್ಲಿ ಉದ್ದರಿ ತರುತ್ತಿದ್ದರು. ಅಂಗಡಿಯವರು ಪುಸ್ತಕದಲ್ಲಿ ಬರೆಯುತ್ತಿದ್ದರು. ತಿಂಗಳ ಕೊನೆಗೆ ಹೇಳಿದಷ್ಟು ಕೊಡುತ್ತಿದ್ದರು. ಎಷ್ಟು ದುಡಿದರೂ ಬಾಕಿ ತೀರುತ್ತಿರಲಿಲ್ಲ.

ಅಕ್ಕ ನಮ್ಮ ಕೇಂದ್ರಕ್ಕೆ ಬಂದರು. ಅಕ್ಷರ ಕಲಿತರು. ಅಂಕಿ ಕಲಿತರು. ಒಂದು ದಿನ ಅಂಗಡಿಗೆ ಹೋಗಿ, "ಅಣ್ಣಾ, ಪುಸ್ತಕ ಸ್ವಲ್ಪ ಕೊಡಿ, ನೋಡ್ತೀನಿ" ಅಂದರು. ಅವರ ಕೈ ನಡುಗುತ್ತಿತ್ತು. ಅಂಗಡಿಯವರು ನಕ್ಕರು. ಆದರೂ ಪುಸ್ತಕ ಕೊಟ್ಟರು.

ಅಕ್ಕ ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಒಂದೇ ದಿನ ಎರಡು ಕಡೆ 'ಎಣ್ಣೆ 1 ಲೀಟರ್' ಎಂದು ಬರೆದಿತ್ತು.

"ಅಣ್ಣಾ, ಆವತ್ತು ನಾನು ತಂದದ್ದು ಒಂದೇ ಲೀಟರ್."

ಅಂಗಡಿಯವರು ನೋಡಿದರು. "ಮರೆತು ಎರಡು ಸಲ ಬರ್ದಿದೀನಿ ಕಣಮ್ಮಾ" ಅಂತ ಒಂದು ಸಾಲು ಹೊಡೆದು ಹಾಕಿದರು.

ಅದು ಮರೆವೋ ಮೋಸವೋ, ನಾವು ಹೇಳಲಾರೆವು. ಆದರೆ ಓದು ಬಂದಿದ್ದರಿಂದ ಒಂದು ಲೀಟರ್ ಎಣ್ಣೆಯ ದುಡ್ಡು ಉಳಿಯಿತು. ಈಗ ಅಕ್ಕನ ಹತ್ತಿರವೂ ಒಂದು ಪುಸ್ತಕ ಇದೆ. ತಂದ ದಿನವೇ ತಾವೂ ಬರೆದಿಡುತ್ತಾರೆ. ಅಂಗಡಿಯವರೂ ಈಗ ಬೆಲೆ ಜೋರಾಗಿ ಹೇಳಿಯೇ ಬರೆಯುತ್ತಾರೆ.

ಕೊಳ್ಳುವಾಗ ಏನು ನೋಡಬೇಕು?

ಪೊಟ್ಟಣದ ಮೇಲೆ ಬೆಲೆ, ತೂಕ, ತಾರೀಖು, ತಯಾರಿಸಿದವರ ವಿಳಾಸ ಇರಬೇಕು. ಎಷ್ಟೋ ಪೊಟ್ಟಣಗಳಲ್ಲಿ ಇಂಗ್ಲಿಷ್ ಅಕ್ಷರವೇ ಇರುತ್ತದೆ. ಹೆದರಬೇಕಾಗಿಲ್ಲ. ಅಂಕಿ ನಮಗೆ ಗೊತ್ತು. ಓದಲು ಬಾರದ್ದನ್ನು ಶಾಲೆಗೆ ಹೋಗುವ ಮಕ್ಕಳಿಂದ ಓದಿಸೋಣ.

ಎಂಆರ್‌ಪಿ ಎಂದರೆ ಅತಿ ಹೆಚ್ಚಿನ ಮಾರಾಟ ಬೆಲೆ. ತೆರಿಗೆ ಎಲ್ಲ ಅದರಲ್ಲೇ ಸೇರಿದೆ. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೇಳುವಂತಿಲ್ಲ. ಅದಕ್ಕಿಂತ ಕಡಿಮೆಗೆ ಕೊಡಬಹುದು. ಆದ್ದರಿಂದ ಚೌಕಾಸಿ ಮಾಡಲು ನಾಚಿಕೆ ಬೇಡ.

ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಅದು ಸಸ್ಯಾಹಾರ.

ತಕ್ಕಡಿಯಲ್ಲಿ ಕಲ್ಲಿಟ್ಟು ತೂಗಬಾರದು. ಮುದ್ರೆ ಇರುವ ಬೊಟ್ಟೇ ಇರಬೇಕು. ಕರೆಂಟಿನ ತಕ್ಕಡಿಯಾದರೆ ಸಾಮಾನು ಇಡುವ ಮುಂಚೆ ಸೊನ್ನೆ ತೋರಿಸಬೇಕು.

ದೊಡ್ಡ ಸಾಮಾನಿಗೆ ರಸೀತಿ ಕೇಳಿ ಪಡೆಯೋಣ. ಮೋಸ ಆದರೆ 1915 ನಂಬರಿಗೆ ಫೋನ್ ಮಾಡಬಹುದು. ಇದು ಗ್ರಾಹಕರ ಸಹಾಯವಾಣಿ. ಗ್ರಾಹಕರ ರಕ್ಷಣೆಗೆ 1986ರಲ್ಲೇ ಕಾನೂನು ಬಂತು. 2019ರಲ್ಲಿ ಹೊಸ ಕಾನೂನು ಆಯಿತು. ಜಿಲ್ಲಾ ಗ್ರಾಹಕ ಆಯೋಗಕ್ಕೆ ನಾವೇ ದೂರು ಬರೆದು ಕೊಡಬಹುದು. ಕೊಂಡ ವಸ್ತುವಿನ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ.

ಸಂತೆಯಿಂದ ಮನೆಗೆ ಬಂದೆವು. ಚೀಲ ತುಂಬಿದೆ. ಸೆರಗಿನಲ್ಲಿ ನಾಲ್ಕು ಕಾಸು ಉಳಿದಿದೆ. ಇವತ್ತು ರಾತ್ರಿ ಬಿಸಿ ಮುದ್ದೆ, ಅವರೆಕಾಳು ಸಾರು. ನೆಂಟರು ಬಂದರೂ ಅದನ್ನೇ ಬಡಿಸೋಣ. ನಾಚಿಕೆ ಯಾಕೆ?

ಮಾತಾಡೋಣ
1. ನಮ್ಮ ಮನೆಯಲ್ಲಿ ನೆಂಟರಿಗೆ ಏನು ಬಡಿಸುತ್ತೇವೆ? ಯಾಕೆ?
2. ನಮ್ಮೂರಲ್ಲೇ ಬೆಳೆದು, ನಾವು ಮಾತ್ರ ತಿನ್ನದ ಪದಾರ್ಥ ಯಾವುದು?

ಬರೆಯೋಣ
ಮುಂದಿನ ಸಂತೆಗೆ ಬೇಕಾದ ಐದು ಸಾಮಾನಿನ ಹೆಸರು, ತೂಕ, ಬೆಲೆ ಬರೆಯಿರಿ. ಒಟ್ಟು ಎಷ್ಟಾಯಿತು? ಕೂಡಿಸಿ ನೋಡಿ.